ಕೂಡುಬರಹ ಮೀಮಾಂಸೆ: ನಾಲ್ಕು ತಾಲೂಕು ಸೇರಿ ಒಂದು ಧಾರಾವಾಹಿ ಬರೆಯುವ ಶಾಸ್ತ್ರ

ಪೀಠಿಕೆ

ಒಬ್ಬರು ಬರೆದರೆ ಸಾಹಿತ್ಯ, ಇಬ್ಬರು ಬರೆದರೆ ಜಗಳ, ನಾಲ್ವರು ಬರೆದರೆ ಧಾರಾವಾಹಿ. ಈ ಮೂರನೆಯ ವರ್ಗದ ಬಗ್ಗೆ ನಮ್ಮ ಲಾಕ್ಷಣಿಕರು ಒಂದು ಸೂತ್ರವನ್ನೂ ಬರೆದಿಟ್ಟು ಹೋಗಲಿಲ್ಲ. ಆ ಕೊರತೆ ನೀಗಿಸಲು ವಿಜಯಪುರದ ಒಂದು ಚಹಾದಂಗಡಿಯಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳಲಾಯಿತು. ಅಧ್ಯಯನದ ಸಾಮಗ್ರಿ: ಇಂಡಿಯ ಒಬ್ಬ ನಿಂಬೆ ತೋಟದವರು, ಸಿಂದಗಿಯ ಒಬ್ಬ ವಕೀಲರ ಗುಮಾಸ್ತರು, ಮುದ್ದೇಬಿಹಾಳದ ಒಬ್ಬ ಶಾಲಾ ಶಿಕ್ಷಕಿ ಮತ್ತು ಬಸವನಬಾಗೇವಾಡಿಯ ಈ ಪ್ರಬಂಧಕಾರ. ಉದ್ದೇಶ: ವಾಹಿನಿಯೊಂದಕ್ಕೆ ಧಾರಾವಾಹಿಯ ಮೊದಲ ಕಂತು. ವೆಚ್ಚ: 41 ಚಹಾ, 8 ಪ್ಲೇಟು ಮಿರ್ಚಿ ಭಜಿ.

ಇತಿಹಾಸ ಪ್ರಕರಣ

ಕೂಡಿ ಬರೆಯುವುದು ಹಾಲಿವುಡ್ಡಿನವರು ಕಂಡುಹಿಡಿದ ವಿದ್ಯೆ; ಬಿಳಿ ಹಲಗೆ, ಬಣ್ಣದ ಚೀಟಿ, ಎ.ಸಿ. ಕೋಣೆ ಇಲ್ಲದೆ ಅದು ಸಿದ್ಧಿಸದು ಎಂಬುದು ಬೆಂಗಳೂರಿನ ಮತ. ಅದನ್ನು ಖಂಡಿಸುತ್ತೇವೆ. ಭರತಮುನಿ ನಾಟ್ಯಶಾಸ್ತ್ರ ಕಲಿಸಿದ್ದು ತನ್ನ ನೂರು ಮಂದಿ ಮಕ್ಕಳಿಗೆ. ಆ ಗ್ರಂಥವನ್ನು ಇಂಗ್ಲಿಷಿಗೆ ತಂದ ಶ್ರೀರಂಗರು 1904ರಲ್ಲಿ ಹುಟ್ಟಿದ್ದು ಇಂಡಿ ತಾಲೂಕಿನ ಅಗರಖೇಡದಲ್ಲಿ. ಆದ್ದರಿಂದ ನಾಟ್ಯಶಾಸ್ತ್ರವೇ ಇಂಡಿಯದು ಎಂದು ನಿಂಬೆ ತೋಟದವರು ವಾದಿಸಿದರು. ಭಜಿ ಬರುವವರೆಗೆ ಸಭೆ ಇದನ್ನು ಒಪ್ಪಿಕೊಂಡಿತ್ತು.

ಬಾಗೇವಾಡಿಯ ಪಾಲು ಇನ್ನೂ ಹಿರಿದು. ಅಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಂಗಡದ ಶರಣರೂ ವಚನ ಹೇಳಿದ್ದು 12ನೇ ಶತಮಾನದಲ್ಲಿ. ಬೇರೆಬೇರೆ ಹೊತ್ತಿನ ಆ ಮಾತುಗಳನ್ನು ಜೋಡಿಸಿ, ಅಲ್ಲಮಪ್ರಭುವಿನ ಎದುರು ಒಬ್ಬೊಬ್ಬರನ್ನೇ ತಂದು ನಿಲ್ಲಿಸಿ, ಮಾತಿಗೆ ಮಾತು ಹೊಂದಿಸಿದ ‘ಶೂನ್ಯಸಂಪಾದನೆ’ ಬಂದದ್ದು 15ನೇ ಶತಮಾನದಲ್ಲಿ. ಮೊದಲ ಪ್ರತಿ ಶಿವಗಣಪ್ರಸಾದಿ ಮಹಾದೇವಯ್ಯನದು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಅದನ್ನು ಹಿಗ್ಗಿಸಿ, ತಿದ್ದಿ ಕಟ್ಟಿದರು. ಅಂದರೆ ಸಂಭಾಷಣೆ ಒಂದು ಕಾಲದವರದು, ಚಿತ್ರಕಥೆ ಮತ್ತೊಂದು ಕಾಲದವರದು, ಡ್ರಾಫ್ಟು ನಾಲ್ಕು. ಇಷ್ಟು ಕಾಯುವ ವಾಹಿನಿ ಇಂದು ಯಾವುದೂ ಇಲ್ಲ.

ಮುದ್ದೇಬಿಹಾಳದ ಟೀಚರು 1565ನ್ನು ಮುಂದಿಟ್ಟರು. ಒಬ್ಬರ ಮುಖ ಒಬ್ಬರು ನೋಡದ ಸುಲ್ತಾನರು ಒಂದೇ ಒಂದು ಕ್ಲೈಮ್ಯಾಕ್ಸಿಗಾಗಿ ಕೂಡಿದರು, ಮುಗಿದ ಮೇಲೆ ಮತ್ತೆ ಬಡಿದಾಡಿಕೊಂಡರು. ಶೀರ್ಷಿಕೆಯ ವ್ಯಾಜ್ಯ ಮಾತ್ರ ಇನ್ನೂ ಹರಿದಿಲ್ಲ: ಕೆಲವರಿಗೆ ಅದು ತಾಳಿಕೋಟಿ ಯುದ್ಧ, ಕೆಲವರಿಗೆ ರಕ್ಕಸಗಿ-ತಂಗಡಗಿ ಯುದ್ಧ. ಮೂರೂ ಊರು ಮೂಲದಲ್ಲಿ ತಮ್ಮ ತಾಲೂಕಿನವೇ ಆದ್ದರಿಂದ ಹೆಸರು ಯಾವುದಾದರೂ ಟೀಚರಿಗೆ ನಷ್ಟವಿಲ್ಲ.

ಸಿಂದಗಿಯ ಗುಮಾಸ್ತರು ಪ್ರಾಚೀನ ಸಾಕ್ಷಿ ಹಾಜರುಪಡಿಸಲು ತಾರೀಖು ಕೇಳಿದರು.

ಸೂತ್ರ ಪ್ರಕರಣ

ಸೂತ್ರ 1: ತೀರ್ಪು ಬೇಡ, ತಾರೀಖು ಕೊಡು.

ವೃತ್ತಿ: ಇದು ಆ ಗುಮಾಸ್ತರದೇ ದರ್ಶನ. “ತೀರ್ಪ ಕೊಟ್ಟರ ಕಕ್ಷಿದಾರ ಮನಿಗೆ ಹೋಗ್ತಾನ್ರಿ. ತಾರೀಖ ಕೊಟ್ಟರ ತಿರುಗಿ ಬರ್ತಾನ.” ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಉಳಿಯುವುದು ಇಪ್ಪತ್ತು-ಇಪ್ಪತ್ತೆರಡು ನಿಮಿಷ. ಅದರ ಕೊನೆಯಲ್ಲಿ ಬಾಗಿಲು ಬಡಿಯಬೇಕು, ತೆರೆಯಬಾರದು. ಮೆಗಾ ಧಾರಾವಾಹಿಯ ಸಕಲ ರಹಸ್ಯವೂ ಸಿವಿಲ್ ಕೋರ್ಟಿನ ಮೊಗಸಾಲೆಯಲ್ಲಿದೆ.

ಸೂತ್ರ 2: ಎದುರು ಮೇಳವಿಲ್ಲದೆ ಪದವಿಲ್ಲ.

ವೃತ್ತಿ: ಗೀಗೀ ಪದದಲ್ಲಿ ಹರದೇಶಿಯವರು ಗಂಡು ಹೆಚ್ಚು ಎಂದರೆ ನಾಗೇಶಿಯವರು ಹೆಣ್ಣು ಹೆಚ್ಚು ಎನ್ನಬೇಕು. ಸವಾಲಿಗೆ ಜವಾಬು, ಜವಾಬಿಗೆ ಮರುಸವಾಲು, ಹೀಗೆ ಬೆಳಗಿನವರೆಗೆ. “ಅಗದೀ ಛಲೋ ಆತು” ಎಂದು ಎದುರಿನ ಮೇಳ ತಲೆಯಾಡಿಸಿದರೆ ಜಾತ್ರೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಕೂಡುಬರಹಗಾರರಲ್ಲಿ ಒಬ್ಬರಾದರೂ ಹುಳಿ ಹಿಂಡುವವರಿರಬೇಕು. ನಮ್ಮಲ್ಲಿ ಅದಕ್ಕೆ ಇಂಡಿಯವರಿದ್ದರು, ಜಿ.ಐ. ಟ್ಯಾಗ್ ಇರುವ ಹುಳಿ.

ಸೂತ್ರ 3: ನಿನ್ನ ಚಂದದ ಮಾತನ್ನೇ ಮೊದಲು ಹೊಡೆ.

ವೃತ್ತಿ: ದೃಶ್ಯ ಹೀಗಿತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದ ಮಗ ಸೊಲ್ಲಾಪುರದಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾನೆ. ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ. ಅವಳು ಏನನ್ನಬೇಕು? ಹಾಡಿಕೊಂಡು ಅಳಲಿ ಎಂದರು ಇಂಡಿಯವರು. ಮೂರ್ಛೆ ಹೋಗಲಿ, ಕಂತು ಅಲ್ಲಿಗೇ ನಿಲ್ಲಲಿ ಎಂದರು ಗುಮಾಸ್ತರು. ಪ್ರಬಂಧಕಾರ ಒಂದು ರಾತ್ರಿ ನಿದ್ದೆಗೆಟ್ಟು ಒಂದು ಪುಟದ ಸಂಭಾಷಣೆ ಬರೆದು ತಂದಿದ್ದ. ಅದರಲ್ಲಿ ಕರುಳು, ಬಳ್ಳಿ, ಭೀಮಾ ನದಿಯ ಮಹಾಪೂರ ಮೂರೂ ಇದ್ದವು. ಟೀಚರು ಪೂರ್ತಿ ಕೇಳಿ, ಚಹಾದ ಕಪ್ಪನ್ನು ಆ ಹಾಳೆಯ ಮೇಲಿಟ್ಟು ಹೇಳಿದರು: “ಆಕಿ ಏನೂ ಮಾತಾಡಂಗಿಲ್ರಿ ಸರ. ಅವನ ಕಡಿ ಒಮ್ಮೆ ನೋಡಿ, ಇನ್ನೊಂದು ರೊಟ್ಟಿಗೆ ಹಿಟ್ಟ ತಗೋತಾಳ.”

ಯಾರೂ ಮಾತಾಡಲಿಲ್ಲ. ಇಂಡಿಯವರಿಗೂ ಹುಳಿ ಹಿಂಡಲು ಏನೂ ಸಿಗಲಿಲ್ಲ. ಪ್ರಬಂಧಕಾರನಿಗೆ ಸೂತ್ರವನ್ನು ಅರ್ಥಮಾಡಿಕೊಳ್ಳಲು ಮೂರು ದಿನ ಹಿಡಿಯಿತು. ಆ ಮೂರು ದಿನ ಫೋನು ಎತ್ತಲಿಲ್ಲ.

ಪೂರ್ವಪಕ್ಷ ಮತ್ತು ಸಿದ್ಧಾಂತ

ಹಾಗಾದರೆ ಬರೆದವರ ಹೆಸರಿನ ಗತಿಯೇನು? 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ಕ್ಕೆ ಟಿ.ಎನ್. ಸೀತಾರಾಮ್, ನಾಗೇಂದ್ರ ಶಾ, ಪಿ. ಶೇಷಾದ್ರಿ ಮೂವರು ನಿರ್ದೇಶಕರು. ಯಾವ ದೃಶ್ಯ ಯಾರದು ಎಂದು ನಮ್ಮ ಓಣಿಯಲ್ಲಿ ಯಾರೂ ಕೇಳಲಿಲ್ಲ. ಅದಕ್ಕೂ ಮುಂಚೆ, 1931ರಲ್ಲಿ, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದರು. ಕೂಡಿಸಿದವರ ಹೆಸರು ನಾಡಿಗೆ ಗೊತ್ತು. ಬೀಸುಕಲ್ಲಿನ ಆಚೀಚೆ ಕೂತು, ಒಬ್ಬಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ಮುಗಿಸಿ ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಕೂಡುಬರಹದ ಆದ್ಯರು ಅವರೇ. ಹೆಸರು ಹೋದರೂ ಹಾಡು ನಿಂತಿತು. ಆದ್ದರಿಂದ ‘ನನ್ನದು’ ಎಂಬುದು ಕರಡಿನಲ್ಲೇ ಸಾಯತಕ್ಕದ್ದು. ಇತಿ ಸಿದ್ಧಾಂತ.

ಫಲಶ್ರುತಿ

ವಾಹಿನಿಯವರು ಕಂತನ್ನು ಮೆಚ್ಚಿದರು. ಜೋಳದ ರೊಟ್ಟಿ ತೆಗೆದು ಚಪಾತಿ ಹಾಕಲು, ‘ಆಕಿ’ಯನ್ನು ‘ಅವಳು’ ಮಾಡಲು, ತಾಯಿಯ ಮುಖವನ್ನು ಮೂರು ಕೋನದಿಂದ ತೋರಿಸಿ ಮೂರು ಸಲ ಗುಡುಗಿಸಲು ಸೂಚಿಸಿದರು. ಅಂದು ನಾಲ್ವರೂ ಮೊದಲ ಸಲ ಒಂದೇ ಮಾತು ಆಡಿದೆವು. ಆ ಮಾತು ಅಚ್ಚಿಗೆ ಯೋಗ್ಯವಲ್ಲ.

ಬೇಸರದಲ್ಲಿ ಊರಿಗೆ ಹೋಗಿ ಅವ್ವನಿಗೆ ಕಥೆ ಹೇಳಿದೆ. ರೊಟ್ಟಿಯ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು. “ಇದನ್ನ ಯಾರು ಬರದದ್ದೊ?”

ಮೇಲಿನ ಸಿದ್ಧಾಂತವನ್ನು ಸ್ಥಾಪಿಸಿದ ಪ್ರಬಂಧಕಾರ ತಡಮಾಡದೆ ಅಂದ: “ನಾನ ಬರದದ್ದಬೆ.”

“ಸುಳ್ಳ ಹೇಳಬ್ಯಾಡೊ ತಮ್ಮಾ,” ಎಂದಳು ಅವ್ವ, “ಹಂಚಿನ ಮುಂದ ಕುಂತಾಕಿ ಬರದ ಮಾತದು.”

ಆರೋಪ ಸಾಬೀತಾಗಿದೆ. ಶಿಕ್ಷೆಗೆ ತಾರೀಖು ಕೊಡಲಾಗಿದೆ.