ಛತ್ರ ಮೂರನೇ ಖಾನೆಯಲ್ಲಿದೆ

ನಲವತ್ತು ದಾಟಿದ ಮೇಲೆ ಗಮನ ಒಂದೆಡೆ ನಿಲ್ಲದ ಎ.ಡಿ.ಎಚ್.ಡಿ. ಎಂಬ ತೊಂದರೆ ಇದೆಯೆಂದು ಗೊತ್ತಾಗುವವರಲ್ಲಿ ಎಷ್ಟೋ ಜನ ಮಕ್ಕಳನ್ನು ಡಾಕ್ಟರ ಹತ್ತಿರ ಕರೆದೊಯ್ದು ತಾವು ಸಿಕ್ಕಿಬಿದ್ದವರು. ನಾನೂ ಆ ಪೈಕಿಯವನೇ. ಮಗನ ಬಗ್ಗೆ ಡಾಕ್ಟರಮ್ಮ ಕೇಳುತ್ತಿದ್ದ ಪ್ರಶ್ನೆಗಳಿಗೆ ಕಿಟಕಿಯಾಚೆಯ ಅಳಿಲು ನೋಡುತ್ತ ಅರ್ಧಂಬರ್ಧ ಉತ್ತರ ಕೊಡುತ್ತಿದ್ದೆ. ಆಕೆ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಇದು ವಂಶದಲ್ಲಿ ಹರಿದು ಬರುತ್ತದಂತೆ.

ಮಾನಸಿಕ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಕೈಪಿಡಿ, 2013ರ ಡಿ.ಎಸ್.ಎಂ.-5 ಪ್ರಕಾರ, ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಮಕ್ಕಳಿಗಾದರೆ 6 ಇರಬೇಕು, 17 ತುಂಬಿದವರಿಗೆ 5 ಸಾಕು. ನನಗೆ 8 ಬಂದವು. ಒಂಬತ್ತಕ್ಕೆ ಎಂಟು! ಎಸ್ಸೆಸ್ಸೆಲ್ಸಿಯಲ್ಲೂ ನಾನು ಇಷ್ಟು ತೆಗೆದವನಲ್ಲ. ಆದರೆ ಕೆಲವಾದರೂ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕೆಂಬ ನಿಯಮವಿದೆ, ಅದಕ್ಕೆ ಸಾಕ್ಷಿ ಬೇಕು. ಅಮ್ಮನನ್ನು ಕರೆದೊಯ್ದೆ. “ಹಾಲಿಗೆ ಕಳಿಸಿದ್ರೆ ಪಾತ್ರೆ ಬಿಟ್ಟು ಬರೋನು. ಬೆಟ್ಟಕ್ಕೆ ಹೋದ್ರೆ ಚಪ್ಪಲಿ ಬಿಟ್ಟು ಬರೋನು. ತಂಗೀನ ಸ್ಕೂಲಿಂದ ಕರ್ಕೊಂಡ್ ಬಾರೋ ಅಂದ್ರೆ ಇನ್ಯಾರದೋ ಮಗೂನ ಕರ್ಕೊಂಡ್ ಬಂದ.” ಡಾಕ್ಟರಮ್ಮನ ಹಾಳೆ ತುಂಬಿತು. ಅಮ್ಮ ಇನ್ನೂ ಎರಡನೇ ಕ್ಲಾಸಿನಲ್ಲೇ ಇದ್ದಳು.

ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಗಮನ ನಿಲ್ಲುತ್ತದೆ ನಿಜ, ಎಲ್ಲಿ ನಿಲ್ಲಬೇಕೆಂದು ಅದು ಹೇಳುವುದಿಲ್ಲ. ಮೊದಲ ಬೆಳಿಗ್ಗೆ ಅಮೋಘ ಏಕಾಗ್ರತೆಯಿಂದ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಓದಬೇಕಾಗಿದ್ದದ್ದು ಅಕೌಂಟ್ಸ್ ಹೈಯರ್.

ಸರ್ಕಾರಿ ಕಚೇರಿಯವರಿಗೆ ಈ ಹೆಸರು ವಿವರಿಸಬೇಕಿಲ್ಲ. ಉಳಿದವರಿಗೆ ಇಷ್ಟು ಹೇಳಿದರೆ ಸಾಕು: ಇದು ಇಲಾಖಾ ಪರೀಕ್ಷೆ, ಪಾಸಾಗದಿದ್ದರೆ ನನ್ನಂಥವನಿಗೆ ಬಡ್ತಿ ಇಲ್ಲ. ಸೇವಾ ನಿಯಮಾವಳಿ, ಆರ್ಥಿಕ ಸಂಹಿತೆ, ಖಜಾನೆ ಸಂಹಿತೆ, ಮೂರೂ 1958ರವು, ಮೂರೂ ದಪ್ಪ. ಅಷ್ಟರಲ್ಲಿ ನನಗೆ ಬಾಯಿಪಾಠವಾಗಿದ್ದದ್ದು ರಜೆಯ ಅಧ್ಯಾಯವೊಂದೇ. ಗಳಿಕೆ ರಜೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮಾ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ.

ರಸೆಲ್ ಬಾರ್ಕ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳುವಂತೆ, ಈ ತೊಂದರೆಯವರಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ, ಗೊತ್ತಿದ್ದದ್ದನ್ನು ಹೊತ್ತಿಗೆ ಸರಿಯಾಗಿ ಮಾಡಲಾಗುವುದಿಲ್ಲ. ಆದ್ದರಿಂದ ನೆರವು ತಲೆಯಿಂದಾಚೆ, ಕೆಲಸ ನಡೆಯುವ ಜಾಗದಲ್ಲೇ ಕಣ್ಣಿಗೆ ಕಾಣುವಂತಿರಬೇಕು. ಸರಿ, ಕಾಣಿಸೋಣ ಎಂದುಕೊಂಡೆ. ಬಣ್ಣಬಣ್ಣದ ಸ್ಕೆಚ್ ಪೆನ್ನುಗಳಲ್ಲಿ ರಾತ್ರಿಯಿಡೀ ವೇಳಾಪಟ್ಟಿ ಬರೆದು, ಬೆಳಿಗ್ಗೆ ಆರಕ್ಕೆ ‘ಓದು’ ಎಂದು ಇದ್ದ ಕಡೆ ಮಲಗಿದೆ.

ಆಮೇಲೆ ಟೊಮ್ಯಾಟೊ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ, ಕಾಲೇಜು ಓದುವಾಗ, ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು ಓದುತ್ತಿದ್ದನಂತೆ. 25 ನಿಮಿಷ ಓದು, 5 ನಿಮಿಷ ವಿರಾಮ. ನಾನು ಫೋನಿನಲ್ಲಿ ಅಲಾರಂ ಇಡಲು ಹೋದೆ. ಸಿರಿಲ್ಲೊನಿಂದ ಟೊಮ್ಯಾಟೊಗೆ, ಅಲ್ಲಿಂದ ಕೋಲಾರದ ಮಾರುಕಟ್ಟೆ ದರಕ್ಕೆ, ಅಲ್ಲಿಂದ ಕೋಲಾರದ ಗಂಗರಸರವರೆಗೆ ಹೋಗಿ ಬರುವಷ್ಟರಲ್ಲಿ ಊಟದ ಹೊತ್ತು. ಫೋನೇ ಬೇಡವೆಂದು ಕುಕ್ಕರನ್ನು ಗಡಿಯಾರ ಮಾಡಿಕೊಂಡೆ. ಹೆಂಡತಿ ಬೇಳೆ ಇಟ್ಟು, “ಮೂರು ಕೂಗಿಗೆ ಆರಿಸಿ ರೀ” ಎಂದು ಅಂಗಡಿಗೆ ಹೋದಳು. ಗ್ರಹಚಾರಕ್ಕೆ ಅವತ್ತು ತೆರೆದುಕೊಂಡದ್ದು ರಜೆಯ ಅಧ್ಯಾಯ. ಪಕ್ಕದ ಮನೆಯವರು ಬಂದು ಒಲೆ ಆರಿಸಿದಾಗ ನಾನು ಅರ್ಧವೇತನ ರಜೆಯಲ್ಲಿದ್ದೆ. ಅತಿಯಾಗಿ ಮುಳುಗುವುದೂ ಇದೇ ತೊಂದರೆಯ ಇನ್ನೊಂದು ಮುಖವಂತೆ. ಟೈಮರ್ ಬೇಕಾದದ್ದು ಕೂರಿಸಲಿಕ್ಕೆ ಮಾತ್ರ ಎಂದುಕೊಂಡಿದ್ದೆ, ಎಬ್ಬಿಸಲಿಕ್ಕೂ ಬೇಕು.

ಮುಂದಿನದು ಪೆಟ್ಟಿಗೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬಾತ ಜರ್ಮನ್ ಭಾಷೆಯ ಪುಸ್ತಕದಲ್ಲಿ ವಿವರಿಸಿದ ಉಪಾಯ. ಪ್ರಶ್ನೆಯ ಚೀಟಿಗಳನ್ನು ಖಾನೆಗಳಲ್ಲಿಡಬೇಕು. ಸರಿ ಉತ್ತರ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ವಾಪಸ್ ಮೊದಲಿಗೆ. ಮುಂದಿನ ಖಾನೆಗಳನ್ನು ಹೆಚ್ಚು ಹೆಚ್ಚು ದಿನ ಬಿಟ್ಟು ತೆಗೆಯಬೇಕು. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವ ಈ ವಿದ್ಯೆ ನಿಜಕ್ಕೂ ಒಳ್ಳೆಯದು, ಅದಕ್ಕೆ ಕೆಟ್ಟ ಹೆಸರು ತಂದವನು ನಾನು. ಚೀಟಿಗೆ ದುಡ್ಡೇಕೆಂದು ಮನೆಯಲ್ಲಿದ್ದ ಲಗ್ನಪತ್ರಿಕೆಗಳನ್ನು ಕತ್ತರಿಸಿದೆ. ಖಾಲಿ ಬದಿಗೆ ಪ್ರಶ್ನೆ, ಅಚ್ಚಾದ ಬದಿಯಲ್ಲಿ ಸುಖಾಗಮನ ಬಯಸುವವರ ಸಂದಿಯಲ್ಲಿ ಉತ್ತರ.

ಒಂದು ಭಾನುವಾರ ಹೆಂಡತಿ ರೇಷ್ಮೆ ಸೀರೆ ಉಟ್ಟು ನಿಂತು, “ಛತ್ರ ಯಾವುದು ರೀ? ಪತ್ರಿಕೆ ಎಲ್ಲಿ?” ಎಂದಳು. ಅವಳ ಸೋದರಮಾವನ ಮಗಳ ಮದುವೆ. ಪತ್ರಿಕೆ ನಾಲ್ಕು ತುಂಡಾಗಿ ಪೆಟ್ಟಿಗೆಯಲ್ಲಿತ್ತು. ಮುಹೂರ್ತ ಮೊದಲ ಖಾನೆಯಲ್ಲಿ, ಏಕೆಂದರೆ ಅದರ ಹಿಂದಿನ ಪ್ರಶ್ನೆ ನನಗೆ ಯಾವತ್ತೂ ಬರುತ್ತಿರಲಿಲ್ಲ. ಛತ್ರದ ವಿಳಾಸ ಬಡ್ತಿ ಪಡೆದು ಮೂರನೆಯದಕ್ಕೆ ಹೋಗಿತ್ತು. “ಅದನ್ನ ಮುಂದಿನ ವಾರದವರೆಗೆ ತೆಗೆಯೋ ಹಾಗಿಲ್ಲ” ಎಂದೆ. ತಮಾಷೆಗೆ ಹೇಳಿದೆನೋ ನಿಜಕ್ಕೂ ಹೇಳಿದೆನೋ, ಈಗಲೂ ಖಾತ್ರಿಯಿಲ್ಲ. ಅವಳು ಪೆಟ್ಟಿಗೆಯನ್ನೇ ನೆಲಕ್ಕೆ ಸುರಿದಳು. ಬೇರೆ ಯಾರದೋ ವರ, ಇನ್ಯಾರದೋ ವಧು, ನಡುವೆ ಪ್ರಯಾಣಭತ್ಯೆ. ಕೊನೆಗೂ ಜೋಡಿಸಿಕೊಂಡು ಹೋಗುವಾಗ ಧಾರೆ ಮುಗಿದು ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು.

ಇಷ್ಟೆಲ್ಲ ಯಾಕೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದಲ್ಲ ಎಂದರು ಸಹೋದ್ಯೋಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎ.ಡಿ.ಎಚ್.ಡಿ. ಹೆಸರಿಲ್ಲ. ಇದರಲ್ಲಿ ಮಾತ್ರ ನಗುವಂಥದ್ದು ನನಗೇನೂ ಕಾಣಲಿಲ್ಲ.

ಕೊನೆಗೆ ಕೈ ಹಿಡಿದದ್ದು ಅವರೆಕಾಯಿ. ಜೊತೆಗೊಬ್ಬರು ಸುಮ್ಮನೆ ತಮ್ಮ ಕೆಲಸ ಮಾಡಿಕೊಂಡು ಪಕ್ಕದಲ್ಲಿ ಕೂತರೆ ಇಂಥವರು ಓದಿನಿಂದ ಏಳುವುದಿಲ್ಲವಂತೆ. ಇಂಗ್ಲಿಷಿನವರು ‘ಬಾಡಿ ಡಬ್ಲಿಂಗ್’ ಅನ್ನುತ್ತಾರೆ, ಅಮ್ಮ ‘ಕಾವಲು’ ಅನ್ನುತ್ತಾಳೆ. ಮಾಗಿಯ ಚಳಿಯಲ್ಲಿ ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಕೂತಳು. ನಾನು ಜೋರಾಗಿ ಓದಿದೆ, ಕೈ ಸುಮ್ಮನಿರದಾಗ ನಾಲ್ಕು ಕಾಯಿ ಸುಲಿದೆ. ತಡವರಿಸಿದರೆ ಅಮ್ಮ ತಲೆಯೆತ್ತದೆ, “ನಿನ್ನೆ ಬೇರೆ ಹೇಳಿದ್ಯಲ್ಲೋ, ಮುಂಗಡ ತಗೊಂಡೋರು ಲೆಕ್ಕ ಕೊಡಬೇಕು ಅಂತ” ಅನ್ನುವಳು. ಹಿತಕವರೆ ಸಾರು ತಿಂದು ತಿಂದು ಮನೆಮಂದಿ ಸುಸ್ತಾದರು. ಅಕೌಂಟ್ಸ್ ಹೈಯರ್ ಪಾಸಾಯಿತು. ಅಮ್ಮ ಬರೆದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು.

ಇನ್ನು ಜನರಲ್ ಲಾ ಪರೀಕ್ಷೆ ಇದೆ, ಅವರೆ ಮುಗಿಯಿತು, ಏನು ಮಾಡುವುದೆಂದು ಕೇಳಿದೆ.

“ಬೇಸಿಗೆ ಬಂತಲ್ಲ, ಹಪ್ಪಳ ಹಾಕ್ತೀನಿ. ಛತ್ರಿ ಹಿಡ್ಕೊಂಡು ತಾರಸಿ ಮೇಲೆ ಕೂತು ಓದು. ಕಾಗೆ ಓಡ್ಸೋಕೆ ನಿನ್ನಷ್ಟು ಚೆನ್ನಾಗಿ ಅತ್ತಿತ್ತ ನೋಡೋರು ಈ ಬೀದೀಲೇ ಇಲ್ಲ.”