ಕೀಲಿ ಹಾಕಿದ ನೋಟ್ಸ್

ಧಾರವಾಡದ ಸಪ್ತಾಪುರದ ಕಡೆ ಒಂದು ಸಂಜೆ ಚಹಾ ಅಂಗಡಿ ಮುಂದೆ ನಿಂತರೆ ಸಾಕು, ನೋಟ್ಸ್ ಸರ್ ಕಾಣದೇ ಇರುವುದಿಲ್ಲ. ಒಬ್ಬರನ್ನು ನೋಡಿದರೆ ಎಲ್ಲರನ್ನೂ ನೋಡಿದ ಹಾಗೆ. ಬೆಂಗಳೂರಿನ ವಿಜಯನಗರದಲ್ಲೂ ಈ ತಳಿ ಹುಲುಸಾಗಿದೆ. ಪಿಡಿಒ, ಪಿಎಸ್‌ಐ, ಎಫ್‌ಡಿಎ, ಯಾವುದಕ್ಕೆ ಅರ್ಜಿ ಕರೆದರೂ ಮರುದಿನವೇ ಇವರ ನೋಟ್ಸ್ ತಯಾರು. ಮೊದಲು ಝೆರಾಕ್ಸ್ ಹೊಡೆಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ಮಾರುತ್ತಿದ್ದರು. ಈಗ ಸ್ವಂತ ವೆಬ್‌ಸೈಟ್ ಇದೆ. 149 ರೂಪಾಯಿ ಹಾಕಿ, ಪಿಡಿಎಫ್ ಇಳಿಸಿಕೊಳ್ಳಿ.

ಇಳಿಸಿಕೊಳ್ಳಿ ಎಂದು ಹೇಳಿದ್ದು ನಾನು. ಸರ್ ಅಷ್ಟು ಸುಲಭವಾಗಿ ಹೇಳುವವರಲ್ಲ.

ವೆಬ್‌ಸೈಟ್ ತೆರೆದೊಡನೆ ಮೇಲುಗಡೆ ಕೆಂಪಕ್ಷರ ಓಡಲು ಶುರುವಾಗುತ್ತದೆ: ಈ ನೋಟ್ಸ್ ಕದ್ದವರ ಮೇಲೆ 1957ರ ಕಾಪಿರೈಟ್ ಕಾಯ್ದೆಯಡಿ ಕಠಿಣ ಕ್ರಮ. ನೋಟ್ಸ್ ಯಾವ ಪರೀಕ್ಷೆಯದು, ಎಷ್ಟು ಪುಟ ಎಂಬುದು ಅದರ ಕೆಳಗೆ, ಸಣ್ಣಕ್ಷರದಲ್ಲಿ. ಮೌಸಿನ ಬಲಗುಂಡಿ ಒತ್ತಿದಿರೋ, ‘ಕಳ್ಳತನ ಮಹಾಪಾಪ’ ಎಂಬ ಪೆಟ್ಟಿಗೆ ಪಟ್ಟನೆ ಎದ್ದು ಬರುತ್ತದೆ. ಅಕ್ಷರ ದೊಡ್ಡದು ಮಾಡಿಕೊಳ್ಳಲು ಹೋದವರಿಗೂ ಇದೇ ಸ್ವಾಗತ.

ದುಡ್ಡು ಕೊಟ್ಟ ಮೇಲೆ ಬರುವ ಫೈಲಿಗೆ ಪಾಸ್‌ವರ್ಡ್ ಉಂಟು. ಅದನ್ನು ಸರ್ ಖುದ್ದಾಗಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ಸಂಜೆ ಆರರಿಂದ ಎಂಟರೊಳಗೆ. ಎಂಟರ ಮೇಲೆ ಫೋನು ಶುರು.

“ಸರ, ಓಪನ್ ಆಗವಲ್ದ್ರಿ.”

“ಮೊದಲ್ನೇ ಅಕ್ಷರ ಕ್ಯಾಪಿಟಲ್ ಹಾಕಿಯೇನ್ವಾ?”

“ಹಾಕೀನ್ರಿ ಸರ. ನಾಕ್ ಸಲ ಹಾಕೀನ್ರಿ.”

“ಹಂಗಾದ್ರ ಸ್ಮಾಲ್ ಹಾಕಿ ನೋಡು.”

ತೆರೆದರೂ ಪ್ರಿಂಟ್ ಆಗುವುದಿಲ್ಲ. ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಹಾಕಬಹುದು: ಒಂದು ತೆರೆಯಲು, ಇನ್ನೊಂದು ಪ್ರಿಂಟು, ನಕಲು ತಡೆಯಲು. ಸರ್ ಎರಡನ್ನೂ ಬಿಟ್ಟಿಲ್ಲ. ಎರಡನೆಯದು ಪಿಡಿಎಫ್ ತೆರೆಯುವ ಸಾಫ್ಟ್‌ವೇರಿನ ಮರ್ಯಾದೆಯ ಮೇಲೆ ನಿಂತದ್ದು. ಅದು ಮನಸ್ಸು ಮಾಡಿದರೆ ಪಾಲಿಸುತ್ತದೆ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಪ್ರಿಂಟ್ ಬಾರದೆ ಪರದಾಡುವವಳು ಹಾವೇರಿಯಿಂದ 149 ರೂಪಾಯಿ ಹಾಕಿದ ಹುಡುಗಿ ಒಬ್ಬಳೇ. ಟೆಲಿಗ್ರಾಂ ಗ್ರೂಪಿನಲ್ಲಿ ಪುಕ್ಕಟೆ ಸಿಕ್ಕವನಿಗೆ ಪಾಸ್‌ವರ್ಡೂ ಇಲ್ಲ, ಮಹಾಪಾಪವೂ ಇಲ್ಲ. ಹಾಡಿನ ವ್ಯಾಪಾರದಲ್ಲಿ ಈ ಜಂಜಾಟ ಸಾಕೆನಿಸಿ ಆ್ಯಪಲ್‌ನಂಥ ಕಂಪನಿಯೇ 2009ರಲ್ಲಿ ಐಟ್ಯೂನ್ಸ್ ಹಾಡುಗಳ ಬೀಗ ಬಿಚ್ಚಿಬಿಟ್ಟಿತು. ಸರ್ ಅವರಿಗೆ ಇದನ್ನು ಹೇಳಿದರೆ, “ಅವ್ರಿಗೇನ್ರೀ, ರೊಕ್ಕ ಐತಿ” ಎನ್ನುತ್ತಾರೆ.

ಅಷ್ಟಕ್ಕೂ ಒಳಗಿನ ಮಾಲು ಎಲ್ಲಿಯದು? ಮುಕ್ಕಾಲು ಪಾಲು ಆರರಿಂದ ಹನ್ನೆರಡನೇ ಇಯತ್ತೆಯ ಪಠ್ಯಪುಸ್ತಕದ್ದು. ಆದರೆ ಉಳಿದ ಕಾಲು ಪಾಲು ಅಪ್ಪಟ ಸರ್ ಅವರದೇ. ಕೃಷ್ಣೆಯ ಉಪನದಿಗಳು ನೆನಪಿರಲಿ ಎಂದು ‘ಭೀಮ ಘಟಾ ಮಲಗಿಸಿ ಡೋಣ್ಯಾಗ ತುಂಬಿದ’ ಎಂದು ಕಟ್ಟಿದವರು ಅವರು. ಭೀಮಾ, ಘಟಪ್ರಭಾ, ಮಲಪ್ರಭಾ, ಡೋಣಿ, ತುಂಗಭದ್ರಾ, ಐದೂ ಬಂದವು. ಆ ಒಂದು ಸಾಲಿಗೇ 149 ಕೊಡಬಹುದು.

ದಸರೆ ರಜೆಗೆ ಬೆಂಗಳೂರಿನಿಂದ ಸರ್ ಅವರ ಅಕ್ಕನ ಮಗ ಬಂದ. ಸಾಫ್ಟ್‌ವೇರ್ ಹುಡುಗ. ಮಾಮಾನ ಏಳು ಸುತ್ತಿನ ಕೋಟೆಯ ವರ್ಣನೆ ಕೇಳುತ್ತಲೇ ಮೊಬೈಲಿನಲ್ಲಿ ಪಿಡಿಎಫ್‌ನ ವಿಳಾಸ ಹೊಡೆದ, ಕೊನೆಯಲ್ಲಿನ ಫೈಲಿನ ಹೆಸರು ಮಾತ್ರ ಅಳಿಸಿದ. ಬಿಳಿ ಪುಟವೊಂದು ತೆರೆಯಿತು. ಪಟ್ಟಿಯೋ ಪಟ್ಟಿ: ನೋಟ್ಸ್1, ನೋಟ್ಸ್2, ನೋಟ್ಸ್3, ಪಾಸ್‌ವರ್ಡ್ ಹಾಕುವ ಮೊದಲಿನ ಮೂಲಪ್ರತಿಗಳು, ಪಕ್ಕದಲ್ಲಿ ತಾರೀಖು, ಗಾತ್ರ. ಕಟ್ಟಕಡೆಗೆ ‘ಮಗಳ ಮದುವೆ ಖರ್ಚು ಫೈನಲ್’ ಎಂಬ ಎಕ್ಸೆಲ್ ಫೈಲು.

ಸರ್ ಬಹಳ ಹೊತ್ತು ಆ ಕೊನೆಯ ಸಾಲನ್ನೇ ನೋಡಿದರು. “ಇದು ನಿನಗ ಅಷ್ಟ ಕಾಣ್ತೈತೋ, ಎಲ್ಲಾರಿಗೂ ಕಾಣ್ತೈತೋ?”

“ಗೂಗಲ್‌ಗೂ ಕಾಣ್ತೈತಿ ಮಾಮಾ.”

ಆ ರಾತ್ರಿ ಸರ್ ಯೂಟ್ಯೂಬ್ ನೋಡಿ ತಾವೇ ಉಪಾಯ ಮಾಡಿದರು. ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಫೈಲಿನಲ್ಲಿ ‘ನೋಟ್ಸ್ ಫೋಲ್ಡರಿಗೆ ಬರಬೇಡಿ’ ಎಂದು ಬರೆದಿಟ್ಟರು. 1994ರಿಂದ ನಡೆದು ಬಂದ ಪದ್ಧತಿ ಅದು. ಸರ್ಚ್ ಎಂಜಿನ್‌ಗಳಿಗೆ ಮಾಡುವ ವಿನಂತಿ, ಅಷ್ಟೇ. ಪಾಲಿಸಲೇಬೇಕೆಂಬ ಕಟ್ಟು ಯಾರಿಗೂ ಇಲ್ಲ, ಆ ಫೈಲನ್ನು ಓದಲು ಯಾರಿಗೂ ಅಡ್ಡಿಯಿಲ್ಲ. ಬಂಗಾರ ಜಗಲಿ ಹಿಂದಿನ ಡಬ್ಬಿಯಲ್ಲಿದೆ, ದಯವಿಟ್ಟು ಮುಟ್ಟಬೇಡಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದಂತಾಯಿತು. ಬೆಳಿಗ್ಗೆ ಇದನ್ನು ನೋಡಿ ಹುಡುಗ ಅವಲಕ್ಕಿ ತಟ್ಟೆ ಕೆಳಗಿಟ್ಟ.

ಪೊಲೀಸು, ಕೋರ್ಟು ಎಂದು ಒಂದು ದಿನ ಹೋಯಿತು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿದೆ. ಕೃತಿಯ ರಕ್ಷಣೆಗೆ ಹಾಕಿದ ತಾಂತ್ರಿಕ ಬೀಗವನ್ನು ಹಕ್ಕು ಕಸಿಯುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಸಜೆ. ಸರ್ ಅದನ್ನು ಹಿಡಿದುಕೊಂಡು ವಕೀಲರ ಬಳಿ ಹೋದರು. ನಕಲು ಮಾಡಿದ್ದಂತೂ ತಪ್ಪೇ, ಆದರೆ ಮುರಿದ ಬೀಗ ಯಾವುದು ತೋರಿಸಿ ಎಂದರಂತೆ ವಕೀಲರು. ಆಮೇಲೆ ಫೀಸು ಹೇಳಿದರಂತೆ.

ಕೊನೆಗೆ ಹುಡುಗನೇ ಕೂತು ಕೆಲಸ ಮುಗಿಸಿದ. ಸರ್ವರಿನಲ್ಲಿ ಪಬ್ಲಿಕ್ ಎಚ್‌ಟಿಎಂಎಲ್ ಎಂಬ ಫೋಲ್ಡರಿನೊಳಗೆ ಇಟ್ಟದ್ದೆಲ್ಲ ಜಗತ್ತಿಗೆ ತೆರೆದಿದ್ದು. ಫೈಲುಗಳನ್ನು ಅದರಿಂದ ಆಚೆ ತೆಗೆದಿಟ್ಟ. “ಹೊರಗ ಇಟ್ರ ಇನ್ನೂ ಲಗೂ ಕಳವು ಆಗ್ತಾವಲ್ಲೋ” ಎಂದು ಸರ್ ಗಾಬರಿಯಾದರು. ಈಗ ದುಡ್ಡು ಬಂದದ್ದು ಖಾತ್ರಿಯಾದ ಮೇಲೆ ಒಂದು ಪ್ರೋಗ್ರಾಂ ತಾನೇ ಒಳಹೊಕ್ಕು ಫೈಲು ತಂದುಕೊಡುತ್ತದೆ. ಲಿಂಕು ಇಪ್ಪತ್ನಾಲ್ಕು ತಾಸಿನಲ್ಲಿ ಸಾಯುತ್ತದೆ. ಪ್ರತಿ ಪುಟದ ಮೇಲೆ ಓರೆಯಾಗಿ, ಬೂದುಬಣ್ಣದಲ್ಲಿ, ಕೊಂಡವರ ಹೆಸರು ಮತ್ತು ಮೊಬೈಲ್ ನಂಬರು. ಪುಟದ ಫೋಟೋ ಹೊಡೆಯುವವನನ್ನು ಯಾವ ಪ್ರೋಗ್ರಾಮೂ ತಡೆಯದು, ಆದರೆ ಯಾರ ಪ್ರತಿ ಎಂಬುದಾದರೂ ತಿಳಿಯುತ್ತದೆ. ಪಾಸ್‌ವರ್ಡ್, ಮಹಾಪಾಪ ಎರಡನ್ನೂ ಕಿತ್ತು ಹಾಕಿದ. ಕೆಂಪಕ್ಷರ ತೆಗೆಯಲು ಮಾತ್ರ ಸರ್ ಒಪ್ಪಲಿಲ್ಲ.

ಹೊಸ ವ್ಯವಸ್ಥೆ ಪರೀಕ್ಷಿಸಲು ಸರ್ ತಮ್ಮ ನೋಟ್ಸನ್ನು ತಾವೇ 149 ರೂಪಾಯಿ ಕೊಟ್ಟು ಕೊಂಡರು. ಓರೆ ಅಕ್ಷರ ಕಾಗದದ ಮೇಲೆ ಎಷ್ಟು ಕಡು ಕಾಣುತ್ತದೆಂದು ನೋಡಲು ಪೆನ್‌ಡ್ರೈವ್ ಹಿಡಿದು ಮೂಲೆಯ ಝೆರಾಕ್ಸ್ ಅಂಗಡಿಗೆ ಹೋದರು. ಪ್ರಿಂಟ್ ಚೆನ್ನಾಗಿ ಬಂತು. ಫೈಲು ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯಿತು.

ಈಗ ಟೆಲಿಗ್ರಾಂನಲ್ಲಿ ಓಡಾಡುವ ಪ್ರತಿಯ ಪುಟಪುಟದಲ್ಲೂ ಸರ್ ಅವರದೇ ಹೆಸರು, ಸರ್ ಅವರದೇ ನಂಬರು. ನಂಬರು ಇದ್ದ ಮೇಲೆ ಡೌಟು ಕೇಳಲೆಂದೇ ಕೊಟ್ಟಿದ್ದಾರೆಂದು ಹುಡುಗರು ತಿಳಿದಿದ್ದಾರೆ. ರಾತ್ರಿ ಹನ್ನೊಂದಕ್ಕೂ ಫೋನು. ಸರ್ ಮೊದಮೊದಲು ಬೈದು ಇಟ್ಟುಬಿಡುತ್ತಿದ್ದರು. ಆದರೆ ಮೇಷ್ಟ್ರ ಜೀವ, ತಪ್ಪು ಉತ್ತರ ಕೇಳಿ ಸುಮ್ಮನಿರಲಾರದು. ಮೊನ್ನೆ ಚಹಾ ಅಂಗಡಿ ಮುಂದೆ ನನ್ನೆದುರೇ ಒಬ್ಬನಿಗೆ ಹೇಳುತ್ತಿದ್ದರು:

“ಪುಟ 14ರಾಗ ಜಿಲ್ಲಾ ಎಷ್ಟ ಅಂತ ಐತಿ? 30? ಅದು ತಪ್ಪೈತೋ ಮಾರಾಯಾ. ವಿಜಯನಗರ 2021ರಾಗ ಆತು, 31 ಬರೀಬೇಕು, ನಾ ತಿದ್ದೂದ ಮರತಿದ್ದೆ. ತಡಿ, ಹೊಸಾದು ಕಳಸ್ತೀನಿ, ಇದ ನಂಬರಿಗೆ ವಾಟ್ಸ್ಆ್ಯಪ್ ಐತೆಲ್ಲ? ಮತ್ತ ಯಾರಿಗೂ ಫಾರ್ವರ್ಡ್ ಮಾಡಬ್ಯಾಡ.”