ಸಾರ್ಕ್ ಕಚೇರಿಗೆ ಕೊಪ್ಪದಿಂದೊಂದು ಬಹಿರಂಗ ಪತ್ರ

ಮಾನ್ಯ ಪ್ರಧಾನ ಕಾರ್ಯದರ್ಶಿಗಳಿಗೆ,
ಸಾರ್ಕ್ ಸಚಿವಾಲಯ, ಕಠ್ಮಂಡು.

ಕೊಪ್ಪದ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರಗಳು.

ನೆರೆಹೊರೆಯವರು ಒಕ್ಕೂಟ ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ. 1791ರಲ್ಲಿ ಇಂಗ್ಲಿಷರ ಕಂಪನಿ, ಹೈದರಾಬಾದಿನ ನಿಜಾಮ, ಪುಣೆಯ ಪೇಶ್ವೆ ಮೂವರೂ ಕೈಜೋಡಿಸಿ ಟಿಪ್ಪುವಿನ ಮೇಲೆ ಬಿದ್ದಿದ್ದರು. ಆ ಸಹಕಾರದ ಪಾಲು ಮಲೆನಾಡಿಗೂ ಸಿಕ್ಕಿತು. ಪೇಶ್ವೆಯ ಸೇನಾನಿ ಪರಶುರಾಮ ಭಾವೂ ದಂಡಿನ ಪಿಂಡಾರಿಗಳು ಶೃಂಗೇರಿಗೆ ನುಗ್ಗಿ ಮಠ ದೋಚಿದರು, ಜನರನ್ನು ಕಡಿದರು, ಶಾರದೆಯ ವಿಗ್ರಹವನ್ನೂ ಬಿಡಲಿಲ್ಲ. ಸ್ವಾಮಿಗಳು ಕಾರ್ಕಳ ಸೇರಿದರು. ಮರುಪ್ರತಿಷ್ಠೆಗೆ 200 ರಾಹತಿ ನಗದು, ಅಷ್ಟೇ ಬೆಲೆಯ ಧಾನ್ಯ ಕೊಡುವಂತೆ ನಗರ ಪ್ರಾಂತ್ಯದ ತನ್ನ ಅಧಿಕಾರಿ ಅಸಫನಿಗೆ ಹುಕುಂ ಮಾಡಿದವನು ಟಿಪ್ಪು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಅಟ್ಟಿದವನೂ ಅವನೇ. ಈಗಿನ ಭಾಷಣಕಾರರು ಎರಡರಲ್ಲಿ ಒಂದನ್ನಷ್ಟೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಇರಲಿ.

ನಿಮ್ಮ ಒಕ್ಕೂಟ ಅಂಥದ್ದಲ್ಲ. ಅದು ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವವರಿಗೆ ಅಡ್ಡಿಯನ್ನೂ ಮಾಡುವುದಿಲ್ಲ. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ಸೇರಿದ್ದಿರಿ. ಅದಕ್ಕೆ ಮೂರು ವರ್ಷ ಮೊದಲು ಕೊಲಂಬೊದಲ್ಲಿ ಮತದಾರರ ಪಟ್ಟಿ ಹಿಡಿದುಕೊಂಡು ತಮಿಳರ ಮನೆ ಹುಡುಕಿ ಬೆಂಕಿ ಇಟ್ಟಿದ್ದರು. ಆದರೇನು, ವಿವಾದದ ವಿಷಯಗಳನ್ನು ಸಭೆಗೆ ತರಕೂಡದೆಂದು ನಿಮ್ಮ ಸನ್ನದಿನ 10ನೇ ವಿಧಿ ಹೇಳುತ್ತದೆ. ಸುಟ್ಟ ಮನೆಗಿಂತ ವಿವಾದದ ವಿಷಯ ಇನ್ನೆಲ್ಲಿದೆ!

ಇಲ್ಲಿ ಕೊಪ್ಪದಲ್ಲಿ ಗಲಾಟೆಯಾದರೆ ಶೃಂಗೇರಿ, ನರಸಿಂಹರಾಜಪುರದ ಪೊಲೀಸರೂ ಜೀಪು ಹತ್ತುತ್ತಾರೆ. 'ಅದು ಕೊಪ್ಪದ ಆಂತರಿಕ ವಿಚಾರ' ಎಂದು ಕೂರುವಷ್ಟು ರಾಜತಾಂತ್ರಿಕತೆ ನಮ್ಮ ದಫೇದಾರರಿಗೆ ಇನ್ನೂ ಬಂದಿಲ್ಲ.

ನಮ್ಮ ಅಡಿಕೆ ಸೊಸೈಟಿಯ ಸರ್ವಸದಸ್ಯರ ಸಭೆಗೆ ಕೋರಂ ಸಾಲದಿದ್ದರೆ ಅರ್ಧ ಗಂಟೆ ಮುಂದೂಡಿ, ಕಾಫಿ ಕುಡಿದು, ಮತ್ತೆ ಶುರು ಮಾಡುತ್ತೇವೆ. ನಿಮ್ಮ ನಾಯಕರು ಕೊನೆಯ ಸಲ ಕೂತದ್ದು 2014ರಲ್ಲಿ. ಕಾಫಿ ಇನ್ನೂ ಮುಗಿದಿಲ್ಲವೇನೋ. ಅಷ್ಟರಲ್ಲಿ, 2017ರಿಂದೀಚೆಗೆ, ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಮ್ಯಾನ್ಮಾರಿನಿಂದ ಬಾಂಗ್ಲಾದೇಶಕ್ಕೆ ಓಡಿಬಂದರು. ಮ್ಯಾನ್ಮಾರ್ ನಿಮ್ಮ ಸದಸ್ಯನಲ್ಲ, ಒಪ್ಪಿದೆ, ಬಾಂಗ್ಲಾದೇಶ?

ರುವಾಂಡಾದ ಹೆಣಗಳನ್ನು ಕಂಡ ಆಫ್ರಿಕಾದ ಮಹಾ ಸರೋವರ ಪ್ರದೇಶದ ದೇಶಗಳು 2006ರಲ್ಲಿ ನರಮೇಧ ತಡೆಯುವ ಒಪ್ಪಂದಕ್ಕೆ ಸಹಿ ಹಾಕಿ ಸಮಿತಿ ಮಾಡಿಕೊಂಡವು. ಅದರಿಂದ ಕಾಂಗೋದ ರಕ್ತ ನಿಂತಿಲ್ಲ, ನಿಜ. ಹೋಗಿ ಬಾಗಿಲು ತಟ್ಟಲು ಒಂದು ಕಚೇರಿಯಾದರೂ ಇದೆ. ನಮ್ಮ ದೆಹಲಿಯೂ ವಿಶ್ವಸಂಸ್ಥೆಯ ನರಮೇಧ ಒಪ್ಪಂದವನ್ನು 1959ರಲ್ಲೇ ಅನುಮೋದಿಸಿದೆ. ನರಮೇಧಕ್ಕೆಂದೇ ಒಂದು ಕಲಮು ನಮ್ಮ ಕಾನೂನಿನಲ್ಲಿ ಇವತ್ತಿಗೂ ಇಲ್ಲ.

ಬೇಡುವುದಿಷ್ಟೇ: ಯಾವ ದೇಶದಲ್ಲಾದರೂ ಪಟ್ಟಿ ಹಿಡಿದು ಮನೆಗಳಿಗೆ ಗುರುತು ಹಾಕಲು ಹೊರಟರೆ, ಪಕ್ಕದವರು 'ಏನ್ರೀ ಅದು?' ಎಂದು ಕೇಳಬಹುದೆಂದು ಸನ್ನದಿಗೆ ಒಂದು ಸಾಲು ಸೇರಿಸಿ.

ನಿಮ್ಮಲ್ಲಿ ಪ್ರತಿ ತೀರ್ಮಾನಕ್ಕೂ ಎಂಟೂ ದೇಶಗಳ ಒಮ್ಮತ ಬೇಕಂತೆ. ಹಾಗಾಗಿ ರಿಪ್ಲೈ ಕಾರ್ಡು ಲಗತ್ತಿಸಿಲ್ಲ.

ಇತಿ ತಮ್ಮ ವಿಶ್ವಾಸಿ,
ಕೊಪ್ಪದ ಒಬ್ಬ ಷೇರುದಾರ